ಅಂಗೈ ಮೇಲಿನ ಜೊಳ್ಳು

ಹುಟ್ಟಿದ ಲಾಗಾಯ್ತು ಒಂದು ಮಾತೂ ಆಡದ ನಮ್ಮಕ್ಕನಿಗೆ ಹೋದ ವರ್ಷ ಮಾತು ಬಿದ್ದುಹೋಯಿತು. ನಂಬಬೇಡಿ ನೋಡೋಣ. ಗುಂಡ್ಲುಪೇಟೆ ಸೀಮೆಯಲ್ಲಿ ನನ್ನ ಮಾತು ನಂಬಿ ಕೆಟ್ಟವರು ಒಂದು ಸಂತೆಗಾಗುವಷ್ಟಿದ್ದಾರೆ. ನಂಬುವುದಿಲ್ಲ ಎಂದು ಶಪಥ ಮಾಡಿ ಕೊನೆಗೆ ನಂಬಿದವರು ಅದಕ್ಕಿಂತ ಹೆಚ್ಚಿದ್ದಾರೆ. ನೀವೂ ಒಂದು ಕೈ ನೋಡಿ. ಮುಂದೆ ಹೇಳುವುದರಲ್ಲಿ ಒಂದೇ ಒಂದು ಸುಳ್ಳು ಬೆರೆಸಿದ್ದೇನೆ. ಯಾವುದೆಂದು ಕಡೆಗೆ ನಾನೇ ಹೇಳುತ್ತೇನೆ. ಅಷ್ಟರೊಳಗೆ ಹಿಡಿದರೆ ನೀವು ಜಾಣರು.

ನಾನು ಭೀಮನಬೀಡಿನವನು, ದನದ ದಲ್ಲಾಳಿ. ತೆರಕಣಾಂಬಿ ಸಂತೆಯಲ್ಲಿ ನನ್ನ ಬೆರಳಿಗೆ ಇದ್ದ ಬೆಲೆ ಬೇರೆಯವರ ನಾಲಿಗೆಗೆ ಇರಲಿಲ್ಲ. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೆಗಲ ಮೇಲಿನ ಟವೆಲ್ ತೆಗೆದು ಇಬ್ಬರ ಕೈ ಮೇಲೆ ಹಾಕುತ್ತೇವೆ. ಒಳಗೆ ಒಬ್ಬ ಇನ್ನೊಬ್ಬನ ಬೆರಳು ಹಿಡಿಯುತ್ತಾನೆ. ಒಂದು ಬೆರಳು ಹಿಡಿದರೆ ಒಂದು, ಇಡೀ ಕೈ ಹಿಡಿದರೆ ಐದು. ಸಾವಿರವೋ ಹತ್ತು ಸಾವಿರವೋ ಎತ್ತನ್ನು ನೋಡಿದರೆ ಗೊತ್ತಾಗುತ್ತದೆ. ಸುತ್ತ ನಿಂತವರಿಗೆ ಟವೆಲ್ ಅಲುಗುವುದಷ್ಟೇ ಕಾಣುತ್ತದೆ. ತಾಳವಾಡಿ ಕಡೆಯ ತಮಿಳರು, ವಯನಾಡಿನ ಮಲಯಾಳಿಗಳು, ನಮ್ಮ ಉಮ್ಮತ್ತೂರಿನವರು, ಎಲ್ಲರ ಹತ್ತಿರವೂ ಆ ಟವೆಲ್ಲಿನ ಕೆಳಗೆ ನಾನು ಮಾತಾಡಿದ್ದೇನೆ. ಮೂರು ರಾಜ್ಯ ಗೆದ್ದ ಬೆರಳು ಎಂದು ನನ್ನನ್ನು ನಾನೇ ಹೊಗಳಿಕೊಂಡು ತಿರುಗುತ್ತಿದ್ದೆ. ಬೇರೆ ಯಾರೂ ಹೊಗಳದಿದ್ದರೆ ಇನ್ನೇನು ಮಾಡುವುದು.

ಅಕ್ಕ ನನಗಿಂತ ಮೂರು ವರ್ಷಕ್ಕೆ ದೊಡ್ಡವಳು. ಅವಳಿಗೆ ಹುಟ್ಟಿನಿಂದ ಕಿವಿ ಕೇಳದು. ಅಪ್ಪ ಅವ್ವ ಅವಳ ನಾಲಿಗೆಗೆ ಬಜೆ ತೇದು ಹಚ್ಚಿದರು, ಜೇನು ನೆಕ್ಕಿಸಿದರು, ಗೋಪಾಲಸ್ವಾಮಿ ಬೆಟ್ಟಕ್ಕೆ ಹರಕೆ ಕಟ್ಟಿದರು. ಎಲ್ಲರೂ ಅವಳ ಬಾಯೊಳಗೇ ಮಾತು ಹುಡುಕುತ್ತಿದ್ದಾಗ ಅದು ಆಗಲೇ ಅವಳ ಕೈಗೆ ಬಂದು ಕೂತಿತ್ತು. ನಾನು ತೊಟ್ಟಿಲಲ್ಲಿದ್ದಾಗಲೇ ಅವಳು ನನ್ನ ಜೊತೆ ಕೈಯಲ್ಲಿ ಮಾತಾಡುತ್ತಿದ್ದಳಂತೆ. ಹಾಗಾಗಿ ನನ್ನ ತಾಯಿನುಡಿ ಯಾವುದೆಂದು ಕೇಳಿದರೆ ನನಗೆ ಸ್ವಲ್ಪ ತಡವರಿಕೆಯಾಗುತ್ತದೆ.

ನಮ್ಮ ಮನೆಯ ಉಳಿದವರಿಗೆ ಅದು ಭಾಷೆ ಎಂದು ಗೊತ್ತೇ ಆಗಲಿಲ್ಲ. ಬಾ, ಹೋಗು, ಉಂಡೆಯಾ, ನೀರು, ಸಾಕು, ಇಷ್ಟರಲ್ಲಿ ಅವರ ಕೆಲಸ ನಡೆಯುತ್ತಿತ್ತು. ಅವಳೂ ಅವರ ಜೊತೆ ಅಷ್ಟೇ ಆಡುತ್ತಿದ್ದಳು, ನಾವು ಎಮ್ಮೆಯ ಜೊತೆ ಆಡುವ ಹಾಗೆ. ನನ್ನ ಕಡೆ ತಿರುಗಿದಳೆಂದರೆ ಕಥೆಯೇ ಬೇರೆ. ಜಗಲಿಯ ಮೇಲೆ ಕೂತು ಗಾಳಿಯಲ್ಲಿ ಎಡಗಡೆಗೆ ಅವ್ವನನ್ನು ಕೂರಿಸುವಳು, ಬಲಗಡೆಗೆ ಅಪ್ಪನನ್ನು ನಿಲ್ಲಿಸುವಳು. ಆಮೇಲೆ ಅವರ ಹೆಸರು ಎತ್ತುವ ಹಾಗೇ ಇಲ್ಲ. ಕೈ ಎಡದಿಂದ ಬಲಕ್ಕೆ ಹಾರಿದರೆ ಅವ್ವ ಅಪ್ಪನಿಗೆ ಬೈದಳು, ಬಲದಿಂದ ಎಡಕ್ಕೆ ತೆವಳಿದರೆ ಅಪ್ಪ ತೆಪ್ಪಗೆ ಒಪ್ಪಿಕೊಂಡ. ನಿನ್ನೆಯೆಂದರೆ ಭುಜದ ಹಿಂದಕ್ಕೆ ಎಸೆದ ಕೈ. ಹುಬ್ಬು ಏರಿಸಿ ಹಾಗೇ ಹಿಡಿದಳೆಂದರೆ ‘ಹಾಗೇನಾದರೂ ಆದರೆ’ ಎಂದರ್ಥ. ಹುಬ್ಬು ಇಳಿಯುವವರೆಗೂ ಏನು ಹೇಳಿದರೂ ಅದು ಆಗಿದ್ದಲ್ಲ, ಆಗಬಹುದಾದದ್ದು. ಇದನ್ನೆಲ್ಲ ಅವಳಿಗೆ ಹೇಳಿಕೊಟ್ಟವರು ಯಾರು? ನಮ್ಮೂರಿನಲ್ಲಿ ಕಿವಿ ಕೇಳದವಳು ಅವಳೊಬ್ಬಳೇ. ಅವಳು ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ಹೆಸರುಗಳೂ ಅವಳವೇ. ಅವ್ವನೆಂದರೆ ಮೂಗುಬೊಟ್ಟಿನ ಜಾಗಕ್ಕೆ ಬೆರಳು. ಅಪ್ಪನೆಂದರೆ ತಲೆಗೆ ರುಮಾಲು ಸುತ್ತುವುದು. ನನ್ನ ಹೆಂಡತಿ ಧಾರೆಯ ದಿನ ಮೇಲ್ದುಟಿಯ ಬೆವರು ಒರೆಸಿಕೊಳ್ಳುತ್ತ ಕೂತಿದ್ದಳು. ಮೊಮ್ಮಕ್ಕಳಾದ ಮೇಲೂ ಅವಳ ಹೆಸರು ಆ ಬೆವರೇ. ನನ್ನ ಮಗ ಕೂಸಾಗಿದ್ದಾಗ ಹೊಟ್ಟೆ ಬಡಿದುಕೊಳ್ಳುತ್ತಿದ್ದ. ಈಗ ಮೀಸೆ ಬಿಟ್ಟು ಪಿಕಪ್ ಗಾಡಿ ಓಡಿಸುತ್ತಾನೆ, ಹೆಸರು ಮಾತ್ರ ಹೊಟ್ಟೆ. ನಾನು? ಕಿವಿಯ ಹಾಲೆ ಹಿಡಿದು ಎಳೆದರೆ ನಾನು. ಮೇಷ್ಟ್ರು ದಿನಾ ಹಿಂಡುತ್ತಿದ್ದ ಕಿವಿ. ಈ ಬರಹದಲ್ಲಿ ನಿಮಗೆ ಒಂದು ಹೆಸರೂ ಸಿಗದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ. ನನಗೆ ಬೇಕಾದ ಹೆಸರುಗಳು ಕಾಗದದ ಮೇಲೆ ಬರುವಂಥವಲ್ಲ.

ಆ ಭಾಷೆಯಲ್ಲಿ ನನ್ನದೂ ಒಂದು ಕೊಡುಗೆ ಇದೆ, ಅದೂ ಮುಖ್ಯವಾದದ್ದು. ಸುಳ್ಳು ಎಂಬುದಕ್ಕೆ ಸನ್ನೆ ಮಾಡಿದವನು ನಾನು. ಕಣದಲ್ಲಿ ಅಪ್ಪ ರಾಗಿ ತೂರುತ್ತಿದ್ದ, ಜೊಳ್ಳು ಗಾಳಿಗೆ ಹಾರುತ್ತಿತ್ತು. ನನಗೆ ತಟಕ್ಕನೆ ಹೊಳೆಯಿತು. ಅಂಗೈ ಬಿಚ್ಚಿ ಬಾಯಿಯ ಮುಂದೆ ಹಿಡಿದು ಉಫ್ ಎಂದು ಊದಿದೆ. ಇದುವರೆಗೆ ಹೇಳಿದ್ದೆಲ್ಲ ಜೊಳ್ಳು, ಕಾಳು ಒಂದೂ ಇಲ್ಲ ಎಂದರ್ಥ. ಅಲ್ಲಿಂದಾಚೆಗೆ ನಮ್ಮಿಬ್ಬರಿಗೂ ಹಬ್ಬ. ನಿನ್ನ ಕರು ಹಗ್ಗ ಕಿತ್ತುಕೊಂಡು ಕೆರೆ ಕಡೆ ಹೋಯಿತು ಎಂದು ಅವಳು ಹೇಳಿ ನಾನು ಏದುಸಿರು ಬಿಡುತ್ತ ಓಡಿ ವಾಪಸ್ಸು ಬಂದರೆ ಜಗಲಿಯ ಮೇಲೆ ಕೂತು ಅಂಗೈ ಊದುತ್ತಿದ್ದಳು. ಹೆಸರು ಅದಲುಬದಲು ಮಾಡುವ ಆಟವೂ ಇತ್ತು. ಅಪ್ಪನ ಎದುರಿಗೇ ಅಪ್ಪನನ್ನು ಎಮ್ಮೆ ಎನ್ನುವುದು, ಎಮ್ಮೆಯನ್ನು ಮೇಷ್ಟ್ರು ಎನ್ನುವುದು, ಒಂದು ಇಡೀ ಬೆಳಗ್ಗೆ ಹಾಗೇ ಮಾತಾಡುವುದು. ಯಾರು ಮೊದಲು ಅಂಗೈ ಊದುತ್ತಾರೋ ಅವರು ಸೋತ ಹಾಗೆ. ನಾನು ಸಂತೆಯಲ್ಲಿ ಯಾವ ವ್ಯಾಪಾರಿಗೂ ಸೋತವನಲ್ಲ. ಮನೆಯಲ್ಲಿ ಬಹಳ ಸಲ ಸೋತಿದ್ದೇನೆ.

ಒಂದು ಸಲ ಅವಳನ್ನು ಸಂತೆಗೇ ಕರೆದುಕೊಂಡು ಹೋಗಿ ಟವೆಲ್ಲಿನ ಕೆಳಗೆ ಕೈ ಇಡಿಸಿದೆ. ನನ್ನ ವಿದ್ಯೆ ನೋಡಿ ಬೆರಗಾಗಲಿ ಎಂದು. ಎರಡು ಎತ್ತು ಮಾರಾಟವಾಗುವಷ್ಟರಲ್ಲಿ ಅವಳು ಕಲಿತುಬಿಟ್ಟಳು. ಆಮೇಲೆ ಕೈ ಹೊರಗೆ ತೆಗೆದು ಕೇಳಿದಳು: ಈ ಎತ್ತು ಹೋದ ವರ್ಷ ಯಾರ ಮನೆಯಲ್ಲಿತ್ತು ಎಂದು ಇದರಲ್ಲಿ ಕೇಳುವುದು ಹೇಗೆ? ಆಗುವುದಿಲ್ಲ ಎಂದೆ. ಮಳೆ ಬಂದರೆ ಕೊಡುತ್ತೇನೆ, ಇಲ್ಲದಿದ್ದರೆ ಇಲ್ಲ ಎನ್ನುವುದು ಹೇಗೆ? ಅದೂ ಆಗುವುದಿಲ್ಲ. ಅವಳು ನನ್ನ ಟವೆಲ್ ಮಡಚಿ ನನ್ನ ಹೆಗಲ ಮೇಲೆ ಹಾಕಿ, ಇಷ್ಟೇನಾ ಎಂದಳು. ಬೆರಳು ಅಲ್ಲಾಡಿಸುವುದೆಲ್ಲ ಒಂದೇ ಎಂದುಕೊಂಡಿದ್ದವನಿಗೆ ಅಂದು ಅದು ಬೆಲೆ, ಇದು ಮಾತು ಎಂದು ತಿಳಿಯಿತು. ಸಂತೆಯಲ್ಲಿ ನನಗಾದ ಒಂದೇ ಸೋಲು ಅದು, ಯಾರಿಗೂ ಹೇಳಿರಲಿಲ್ಲ.

ಹೋದ ವರ್ಷ, ಓಣಂ ಹತ್ತಿರ ಬಂದಿತ್ತು. ನಮ್ಮ ಕಡೆ ಆ ಹೊತ್ತಿಗೆ ಹೊಲದ ತುಂಬ ಚೆಂಡುಹೂವು. ಬಯಲಿಗೆ ಅರಿಶಿನ ಚೆಲ್ಲಿದ ಹಾಗಿರುತ್ತದೆ. ಮಗ ಬೆಳಗ್ಗೆ ಬೆಳಗ್ಗೆಯೇ ಕೇರಳಕ್ಕೆ ಹೋಗುವ ಹೂವಿನ ಮೂಟೆ ಕಟ್ಟಿಸುತ್ತಿದ್ದ. ಅಕ್ಕ ಜಗಲಿಯ ಮೇಲೆ ಕೂತು ಮನೆಯ ದೇವರಿಗೆಂದು ಹೂವು ಕಟ್ಟುತ್ತಿದ್ದಳು. ನಾನು ಕಾಫಿ ಲೋಟ ಹಿಡಿದು ಎದುರಿಗೆ ಕೂತೆ. ಅವಳು ತಲೆ ಎತ್ತಿ ನನ್ನನ್ನು ನೋಡಿ ಕರೆದಳು. ಕೈ ಕಿವಿಗೆ ಹೋಗಲಿಲ್ಲ, ಮೂಗಿಗೆ ಹೋಯಿತು.

ಮೂಗೆಂದರೆ ಅವ್ವ. ಅವ್ವ ಸತ್ತು ಎಷ್ಟೋ ವರ್ಷವಾಗಿದೆ. ಓಹೋ, ಇವತ್ತು ಅದಲುಬದಲು ಎಂದುಕೊಂಡೆ. ಸೊಂಟಕ್ಕೆ ಕೈಯಿಟ್ಟು, ಅವ್ವನ ಹಾಗೆಯೇ ಮುಖ ಸಿಂಡರಿಸಿ, ಒಲೆ ಹೊತ್ತಿಸಿಲ್ಲವೇನೇ ಇನ್ನೂ ಎಂದು ಗದರಿದೆ. ಅವಳು ಏನೋ ಹೇಳಿದಳು: ಮಳೆ, ಬಾಚಣಿಗೆ, ಅಪ್ಪನ ರುಮಾಲು, ಮತ್ತೆ ಮಳೆ. ನಾನು ಸುಮ್ಮನಿರುತ್ತೇನೆಯೇ? ಉಪ್ಪು, ಎಮ್ಮೆ, ನಾಳಿದ್ದು ಎಂದೆ. ಅವಳು ಇನ್ನೊಂದು ಹೇಳಿದಳು. ಅದರಲ್ಲಿ ಕೈಯ ಆಕಾರ ಎಮ್ಮೆಯದು, ಇಟ್ಟ ಜಾಗ ಕೆನ್ನೆ. ಅಂಥ ಮಾತೇ ನಮ್ಮಲ್ಲಿರಲಿಲ್ಲ. ಹೊಸದಾಗಿ ಮಾಡಿದ್ದಾಳೆ ಕಳ್ಳಿ ಎಂದು ಜೋರಾಗಿ ನಕ್ಕೆ. ಒಳಗಿನಿಂದ ನನ್ನ ಹೆಂಡತಿ, ಬೆಳಗಾಗೋದೆ ತಡ ಇಬ್ರೂವೆ ಸುರು ಹಚ್ಕಂಡ್ರ ಎಂದಳು.

ನಾನು ಅವಳ ಅಂಗೈ ನೋಡುತ್ತ ಕೂತೆ. ಊದಲಿ, ಸೋಲಲಿ ಎಂದು. ಊದಲಿಲ್ಲ. ಮತ್ತೆ ಮತ್ತೆ ಅದೇ ಏನನ್ನೋ ಹೇಳುತ್ತಿದ್ದಳು, ಪ್ರತಿ ಸಲವೂ ಕೈ ಬೇರೆ ಬೇರೆ ಕಡೆ ಹೋಗುತ್ತಿತ್ತು. ಆಮೇಲೆ ನಿಲ್ಲಿಸಿ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು, ಮೊಂಡಾದ ಕುಡುಗೋಲನ್ನು ನೋಡುವ ಹಾಗೆ. ಕಣ್ಣು ತುಂಬಿಕೊಂಡಿತ್ತು. ಆಟದಲ್ಲಿ ಕಣ್ಣು ತುಂಬುವುದು ನಮ್ಮಲ್ಲಿರಲಿಲ್ಲ. ಆಗ ನಾನೇ ಸೋತೆ. ಅಂಗೈ ಬಿಚ್ಚಿ ಊದಿದೆ. ಅವಳು ನನ್ನ ಅಂಗೈಯನ್ನು ನೋಡಿದಳು, ನನ್ನ ಮುಖ ನೋಡಿದಳು, ಹಿಂದೆಂದೂ ಕಾಣದ್ದನ್ನು ಕಂಡ ಹಾಗೆ. ಕಾಫಿ ತಣ್ಣಗಾಗಿತ್ತು.

ನನ್ನ ಹೆಂಡತಿಯನ್ನು ಕೂಗಿ ಕರೆದು, ಅಕ್ಕನ್ಗೆ ಮಾತು ಹೊಂಟೋಗದೆ ಎಂದೆ. ಅವಳು ಬಾಗಿಲಲ್ಲಿ ನಿಂತು ನೋಡಿದಳು. ಅಷ್ಟರಲ್ಲಿ ಅಕ್ಕ ಮತ್ತೆ ಹೂವು ಕಟ್ಟುತ್ತಿದ್ದಳು, ಎರಡೆರಡು ಹೂವು ಜೋಡಿಸಿ, ದಾರ ಸುತ್ತಿ, ಗಂಟು ಎಳೆದು, ಒಂದೂ ಜಾರದ ಹಾಗೆ.

“ಅತ್ಗೆ ಹೂವ ಕಟ್ತಾವ್ರಲ್ಲ ನೆಟ್ಟಗೆ. ಏನಾಗದೆ ಅವ್ರ್ಗೆ?” ಎಂದಳು.

ಮಗನ ಹತ್ತಿರ ಓಡಿದೆ. ಅವನು ಮೂಟೆಯಿಂದ ತಲೆ ಎತ್ತಲಿಲ್ಲ. “ಅಪ್ಪ, ಅತ್ತೆಗೆ ಮಾತು ಯಾವಾಗ ಬಂದಿತ್ತು ಈಗ ಹೋಗಕೆ? ಲೋಡ್ ಹೊಂಡ್ಬೇಕು ಕಣಪ್ಪ. ನಿನ್ ಆಟ ಸಂಜಿಗೆ ಮಡಿಕೊ.” ಅಪ್ಪನಾಣೆ ಮಾಡಿದೆ. ಅಪ್ಪನಾಣೆ ಮಾಡಿಯೇ ಅವನಿಗೆ ಹಿಂದೊಮ್ಮೆ ಹಂಗಳದ ರಸ್ತೆಯಲ್ಲಿ ಆನೆ ನಿಂತಿದೆ ಎಂದು ಹೇಳಿ ಸುತ್ತು ಹೊಡೆಸಿದ್ದೆ. ಕೂಲಿಯ ಹೆಂಗಸರೆಲ್ಲ ನಕ್ಕರು. ಅವರದೇನೂ ತಪ್ಪಿಲ್ಲ. ಮಾತೇ ಬಾರದ ಮೂಗಿಗೆ ಮಾತು ಹೋಯಿತು ಎಂದರೆ ಯಾರಾದರೂ ನಗಬೇಕಾದ್ದೇ.

ಚಪ್ಪಲಿ ಮೆಟ್ಟಿ, ಅವಳ ಕೈ ಹಿಡಿದು ರಸ್ತೆಗೆ ಬಂದೆ. ಗುಂಡ್ಲುಪೇಟೆಗೆ ಒಂದು ಬಸ್ಸು, ಅಲ್ಲಿಂದ ಚಾಮರಾಜನಗರಕ್ಕೆ ಇನ್ನೊಂದು. ಬಸ್ಸಿನಲ್ಲಿ ಅವಳನ್ನು ಕಿಟಕಿಯ ಹತ್ತಿರ ಕೂರಿಸಿದೆ. ಬೇರೆ ದಿನವಾಗಿದ್ದರೆ ದಾರಿಯುದ್ದಕ್ಕೂ ಅವಳ ಕೈ ನಿಲ್ಲುತ್ತಿರಲಿಲ್ಲ. ಮುಂದಿನ ಸೀಟಿನವನ ಬೋಳುತಲೆ, ಕಂಡಕ್ಟರನ ನಡಿಗೆ, ಹತ್ತಿದವರಿಗೆಲ್ಲ ಒಂದೊಂದು ಹೆಸರು ಇಟ್ಟು ನನ್ನನ್ನು ನಗಿಸಿ ನಗಿಸಿ, ಎಲ್ಲರೂ ನನ್ನನ್ನೇ ಹುಚ್ಚನೆಂದುಕೊಳ್ಳುವ ಹಾಗೆ ಮಾಡುತ್ತಿದ್ದಳು. ಅಂದು ಎರಡು ಕೈಯೂ ಮಡಿಲಲ್ಲಿ ಬಿದ್ದಿದ್ದವು. ಚಾಮರಾಜನಗರ ಬರುವವರೆಗೂ ಬಿದ್ದಿದ್ದವು.

ಆಸ್ಪತ್ರೆಯಲ್ಲಿ ಇದ್ದವಳು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಕೈ ಎತ್ತಿಸಿದಳು, ಬೆರಳು ಹಿಂಡಿಸಿಕೊಂಡಳು, ಹಲ್ಲು ಕಿರಿಸಿದಳು, ನಡೆಸಿದಳು. ಎಲ್ಲ ಸರಿಯಿತ್ತು. ಬಾಯಿ ಸೊಟ್ಟಗಿಲ್ಲ, ಕೈಯಲ್ಲಿ ಶಕ್ತಿ ಇದೆ, ಮಾತು ಮೊದಲಿನಿಂದಲೂ ಇಲ್ಲವಲ್ಲ, ಎಂದು ನಿಧಾನವಾಗಿ ಹೇಳಿದಳು. ಇತ್ತು ತಾಯಿ, ಕೈಯಲ್ಲಿತ್ತು, ಈಗ ಕೈ ತೊದಲುತ್ತಿದೆ ಎಂದೆ. ನನ್ನ ಗ್ರಹಚಾರ, ಆ ಹೊತ್ತಿನಲ್ಲೂ ನನ್ನ ಮುಖ ನಗುವವನ ಮುಖದ ಹಾಗೇ ಇರುತ್ತದೆ. ಆದರೆ ಆ ಹುಡುಗಿ ನಗಲಿಲ್ಲ. ಪೆನ್ನು ಕೆಳಗಿಟ್ಟು ಯೋಚಿಸಿದಳು.

“ತಾತ, ನಿಮ್ ಭಾಷೇಲಿ ಬಾಚಣಿಗೆಗೆ ಏನಂತೀರ? ತಲೆ ಬಾಚಿ ತೋರಿಸ್ತೀರಾ?”

ಇಲ್ಲ ಎಂದೆ. ನಮ್ಮಲ್ಲಿ ಬಾಚಣಿಗೆಯೆಂದರೆ ಎಡಗೈಯ ಮಣಿಕಟ್ಟಿನ ಮೇಲೆ ಬಲಗೈಯ ಉಗುರು ಗೀರುವುದು. ಯಾಕೆ ಹಾಗೆಂದು ಕೇಳಿದರೆ, ಬಾಚಣಿಗೆಗೆ ನೀವು ಬಾಚಣಿಗೆ ಎನ್ನುವುದು ಯಾಕೆ ಎಂದು ನಾನು ಕೇಳುತ್ತೇನೆ. ಡಾಕ್ಟರಮ್ಮ ತನ್ನ ಚೀಲದಿಂದ ಬಾಚಣಿಗೆ ತೆಗೆದು ಅಕ್ಕನ ಕೈಗೆ ಕೊಟ್ಟಳು. ಅಕ್ಕ ಬಾಚಿಕೊಂಡಳು. ಡಾಕ್ಟರಮ್ಮ ಅದನ್ನು ವಾಪಸ್ಸು ತೆಗೆದುಕೊಂಡು, ಬರಿಗೈಯಲ್ಲಿ ಬಾಚುವುದನ್ನು ನಟಿಸಿ ತೋರಿಸಿದಳು. ಅಕ್ಕನೂ ಬರಿಗೈಯಲ್ಲಿ ಚೆನ್ನಾಗಿಯೇ ನಟಿಸಿದಳು, ಬೈತಲೆಯನ್ನೂ ತೆಗೆದಳು. ಈಗ ನೀವು ಕೇಳಿ, ಇದರ ಹೆಸರೇನು ಅಂತ, ಎಂದಳು ನನಗೆ. ನಾನು ಬಾಚಣಿಗೆ ತೋರಿಸಿ, ಇದೇನು ಎಂದು ಕೇಳಿದೆ. ಅಕ್ಕನ ಕೈ ಮೇಲೆದ್ದಿತು. ಮೊಣಕೈಗೆ ಹೋಯಿತು, ಗಲ್ಲಕ್ಕೆ ಹೋಯಿತು, ಗಾಳಿಯಲ್ಲಿ ನಿಂತಿತು, ಕೆಳಗಿಳಿಯಿತು.

“ಎರಡಕ್ಕೂ ಅದೇ ಕೈ, ಅವೇ ಬೆರಳು,” ಎಂದಳು ಡಾಕ್ಟರಮ್ಮ. “ಕೆಲಸ ಉಳ್ಕೊಂಡಿದೆ. ಮಾತು ಹೋಗಿದೆ.”

ಆಮೇಲೆ ತಲೆಯ ಫೋಟೋ ತೆಗೆಸಿದರು. ಎಡಗಡೆ, ಕಿವಿಯ ಮೇಲಕ್ಕೆ, ಒಂದು ಕಡೆ ರಕ್ತ ಹೋಗುವುದು ನಿಂತಿತ್ತು. ಬಾಯಿಯಲ್ಲಿ ಆಡುವವರ ಮಾತು ಮುರಿಯುವುದೂ ಸಾಮಾನ್ಯವಾಗಿ ಅಲ್ಲಿಯೇ, ಕೈಯಲ್ಲಿ ಆಡುವವರದೂ ಅಲ್ಲಿಯೇ ಎಂದು ಓದಿದ್ದೆ, ಕಣ್ಣಾರೆ ನೋಡಿದ್ದು ಇವತ್ತೇ ಎಂದಳು. ಭಾಷೆಗೆ ನಾಲಿಗೆಯೇ ಆಗಬೇಕೆಂದಿಲ್ಲ ತಾತ, ಒಳಗೆ ಅದಕ್ಕೊಂದು ಮನೆಯಿದೆ, ಯಾವ ಬಾಗಿಲು ತೆರೆದಿದೆಯೋ ಅದರಿಂದ ಹೊರಗೆ ಬರುತ್ತದೆ ಎಂದು ನನಗೆ ತಿಳಿಯುವ ಹಾಗೆ ಹೇಳಿದಳು. ನನಗೆ ನಾಚಿಕೆಯಿಲ್ಲದೆ ಎದೆ ಉಬ್ಬಿತು. ಎಪ್ಪತ್ತು ವರ್ಷ ಎಲ್ಲರೂ ಕೈಸನ್ನೆ ಕೈಸನ್ನೆ ಎಂದು ತಳ್ಳಿಹಾಕಿದ್ದನ್ನು ಒಂದು ಯಂತ್ರ ಭಾಷೆ ಎಂದು ಒಪ್ಪಿಕೊಂಡಿತ್ತು. ಒಪ್ಪಿಕೊಂಡ ದಿನ ಅದು ಇರಲಿಲ್ಲ.

ಯಾವಾಗ ಶುರುವಾಯಿತು ಎಂದು ಕೇಳಿದಳು. ಬೆಳಗ್ಗೆ, ಕಾಫಿ ಹೊತ್ತಿಗೆ ಎಂದೆ. ಅವಳು ಗೋಡೆಯ ಗಡಿಯಾರ ನೋಡಿ, ಇದಕ್ಕೆ ಔಷಧಿ ಕೆಲವೇ ಗಂಟೆಯೊಳಗೆ ಕೊಡಬೇಕಿತ್ತು ಎಂದು ಹೇಳಿ, ಬರೆದುಕೊಂಡು ಪೆನ್ನು ಮುಚ್ಚಿದಳು. ಟವೆಲ್ಲಿನ ಕೆಳಗೆ ಬೆರಳು ಸುಮ್ಮನಾದರೆ ವ್ಯಾಪಾರ ಮುಗಿಯಿತೆಂದು ಅರ್ಥ. ಅಷ್ಟು ನನಗೆ ಗೊತ್ತಾಗುತ್ತದೆ.

ಮಗ ಪಿಕಪ್ ತಂದು ಆಸ್ಪತ್ರೆಯಿಂದ ಕರೆದುಕೊಂಡು ಹೋದ. ಗಾಡಿಯಲ್ಲಿ ಇನ್ನೂ ಚೆಂಡುಹೂವಿನ ವಾಸನೆ ಇತ್ತು. ತೆರಕಣಾಂಬಿ ದಾಟಿದ ಮೇಲೆ ಅವನು ಗಾಡಿಯ ವೇಗ ಇಳಿಸಿದ. ಆಮೇಲೆ, “ಅತ್ತೆ ನನ್ಗೆ ಏನಂತ ಕರೀತಿತ್ತಪ್ಪ?” ಎಂದು ಕೇಳಿದ. ನಾನು ಅವನ ಹೊಟ್ಟೆಯ ಮೇಲೆ ಮೆಲ್ಲಗೆ ತಟ್ಟಿದೆ. ಇಷ್ಟು ವರ್ಷ ಅದು ತನ್ನ ಹೆಸರೆಂದು ಅವನಿಗೆ ಗೊತ್ತಿರಲಿಲ್ಲ. ಉಂಡೆಯಾ ಎಂದು ಕೇಳುತ್ತಿದ್ದಾಳೆ ಎಂದುಕೊಂಡು ಹೂಂ ಹೂಂ ಎಂದು ತಲೆ ಆಡಿಸುತ್ತ ಬಂದಿದ್ದ.

ಊರಿನವರು ನೋಡಲು ಬಂದರು. ಕೈಕಾಲು ಬೀಳಲಿಲ್ಲವಲ್ಲ, ದೇವರು ದೊಡ್ಡವನು ಎಂದು ಹೇಳಿ ಹೋದರು. ಅವರ ಪಾಲಿಗೆ ಅವಳು ಮೊದಲಿನ ಹಾಗೇ ಇದ್ದಳು. ಊಟಕ್ಕೆ ಕೈ ಬೀಸಿ ಕರೆದರೆ ಬರುತ್ತಾಳೆ, ಹಿತ್ತಲು ಗುಡಿಸುತ್ತಾಳೆ, ಹೂವು ಕಟ್ಟುತ್ತಾಳೆ. ಒಂದು ಮನೆಯಲ್ಲಿ ಒಬ್ಬರು ಹೋದರೆ ಹತ್ತು ಜನ ಅಳುತ್ತಾರೆ. ಇಲ್ಲಿ ಹೋದದ್ದು ಏನೆಂದು ಕಂಡವನು ನಾನೊಬ್ಬನೇ. ನಾನು ಅತ್ತರೆ, ಇದೂ ಒಂದು ನಾಟಕ ಎನ್ನುತ್ತಾರೆ.

ದಿನಾ ಕೂತು ಮಾತಾಡಿಸಿ, ಒಂದೊಂದೇ ಮಾತು ತಿರುಗಿ ಬಂದರೂ ಬರಬಹುದು ಎಂದು ಡಾಕ್ಟರಮ್ಮ ಹೇಳಿದ್ದಳು. ದಿನಾ ಕೂರುತ್ತೇನೆ. ನೀರು ಬಂದಿದೆ. ಎಮ್ಮೆ ಬಂದು ಬಂದು ಹೋಗುತ್ತದೆ. ಗಾಳಿಯಲ್ಲಿ ಎಡಕ್ಕೊಬ್ಬರು ಬಲಕ್ಕೊಬ್ಬರನ್ನು ಕೂರಿಸುವುದು ಬಂದಿಲ್ಲ. ನಿನ್ನೆಯೆಂಬ ಸನ್ನೆ ಬಂದಿಲ್ಲ. ನನ್ನ ಹೆಸರು ಬಂದಿಲ್ಲ. ನನ್ನನ್ನು ಕಂಡರೆ ಅವಳ ಕಣ್ಣು ಅರಳುತ್ತದೆ, ಕೈ ಏಳುತ್ತದೆ, ಕಿವಿಯನ್ನು ಬಿಟ್ಟು ಎಲ್ಲ ಕಡೆ ಹೋಗುತ್ತದೆ. ಒಂದು ದಿನ ನಾನು ಅವ್ವ. ಒಂದು ದಿನ ಗಲ್ಲ, ಗಲ್ಲವೆಂಬ ಹೆಸರಿನವರು ನಮ್ಮಲ್ಲಿ ಯಾರೂ ಇರಲಿಲ್ಲ. ಒಂದು ದಿನ ಹಣೆ. ನಾನು ಎಲ್ಲದಕ್ಕೂ ಓಗೊಡುತ್ತೇನೆ. ನನ್ನ ಕಿವಿ ಎಳೆದು ತೋರಿಸಿ, ಇದು ನಾನು, ಇದು ನಾನು ಎಂದು ಹೇಳಿದ ದಿನಗಳೂ ಇವೆ. ಅವಳು ಬಗ್ಗಿ ನನ್ನ ಕಿವಿಯನ್ನು ನೋಡುತ್ತಾಳೆ, ನೋವೇನೋ ಎಂದು.

ಈಗೀಗ ನನ್ನ ಕೈಯೂ ಮರೆಯುತ್ತಿದೆ. ಮೊನ್ನೆ ಹೆಸರುಬೇಳೆಗೆ ಏನೆನ್ನುತ್ತಿದ್ದೆವು ಎಂದು ಯೋಚಿಸಿದೆ, ಬರಲಿಲ್ಲ. ಕೇಳೋಣವೆಂದರೆ ಭೂಮಿಯ ಮೇಲೆ ಗೊತ್ತಿದ್ದವಳು ಒಬ್ಬಳೇ, ಎದುರಿಗೇ ಕೂತಿದ್ದಳು.

ಆದರೂ ದಿನಕ್ಕೊಂದು ಸುಳ್ಳು ಹೇಳುವುದನ್ನು ಬಿಟ್ಟಿಲ್ಲ. ಮೊನ್ನೆ ಜಗಲಿಯಲ್ಲಿ ಕೂತು, ಸತ್ತ ಅಪ್ಪ ಎದ್ದು ಬಂದು ಎಮ್ಮೆಗೆ ರುಮಾಲು ಸುತ್ತಿದ ಎಂದು ದೊಡ್ಡ ಕಥೆ ಹೇಳಿದೆ. ಅವಳು ಹೂವಿನ ದಾರ ಹಿಡಿದು ಸಮಾಧಾನವಾಗಿ ನೋಡುತ್ತಿದ್ದಳು. ಕಥೆ ಮುಗಿಸಿ ಅಂಗೈ ಬಿಚ್ಚಿ ಊದಿದೆ. ಅವಳು ದಾರ ಕೆಳಗಿಟ್ಟಳು. ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಬಂತು, ಊದುತ್ತಾಳೆ ಎಂದು ಅಂಗೈಯನ್ನು ಇನ್ನೂ ಅಗಲಿಸಿದೆ. ಅವಳು ಸೀರೆಯ ಸೆರಗು ತೆಗೆದು ನನ್ನ ಅಂಗೈಯನ್ನು ಒರೆಸಿದಳು, ಒಂದೊಂದೇ ಬೆರಳು ಬಿಡಿಸಿ, ಸಂದಿಯಲ್ಲೂ ಒರೆಸಿದಳು. ನನ್ನ ಕೈಗೆ ಧೂಳಾಗಿದೆ, ಹೋಗಲಿ ಎಂದು ಊದಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದಳು. ಒರೆಸಿ, ನನ್ನ ಮಡಿಲಿಗೆ ಕೈ ವಾಪಸ್ಸು ಇಟ್ಟು, ಮತ್ತೆ ಹೂವು ಕಟ್ಟತೊಡಗಿದಳು.

ಈಗ ಆ ಒಂದು ಸುಳ್ಳು. ಅಂಗೈ ಊದುವುದನ್ನು ಕಂಡುಹಿಡಿದವನು ನಾನು ಎಂದೆನಲ್ಲ, ಅದು. ರಾಗಿ ತೂರುತ್ತಿದ್ದದ್ದು ನಿಜ, ಅಪ್ಪನೂ ಇದ್ದದ್ದು ನಿಜ. ನಾನು ಕಣದಲ್ಲಿ ನಿಂತು ಅವಳಿಗೆ ಏನೋ ಬೊಗಳೆ ಬಿಡುತ್ತಿದ್ದೆ. ಅವಳು ಒಂದು ಹಿಡಿ ಜೊಳ್ಳು ಎತ್ತಿಕೊಂಡು, ಅಂಗೈ ಬಿಚ್ಚಿ, ನನ್ನ ಮುಖಕ್ಕೆ ಊದಿದಳು. ನಾನು ಕಣ್ಣು ಉಜ್ಜಿಕೊಳ್ಳುತ್ತ ಕಲಿತುಕೊಂಡೆ, ಅಷ್ಟೇ. ಆ ಭಾಷೆಯಲ್ಲಿ ನಾನು ಮಾಡಿದ್ದು ಒಂದೂ ಇಲ್ಲ. ಉಳಿದದ್ದೆಲ್ಲ ನಿಜ.